ಪಾನಿಗೆ ಎರಡು ರೂಪಾಯಿ

ಮಗಳು ಕೊಪ್ಪಳದಲ್ಲಿ ಬಿ.ಕಾಂ.ಗೆ ಸೇರಿದ್ದೇ ತಡ, ಮನೆಗೊಂದು ಪ್ರಿಂಟರ್ ಬೇಕು ಎನಿಸಿತು. ನನಗೆ. ಆಕೆ ಕೇಳಿರಲಿಲ್ಲ. ‘ಕಾಲೇಜ್ ಮುಂದ ಝರಾಕ್ಸ್ ಅಂಗಡಿ ಅದಾವಪ್ಪ, ಪಾನಿಗೆ ಎರಡು ರೂಪಾಯಿ’ ಅಂದಳು. ಪಾನು ಅಂದರೆ ನಮ್ಮ ಕಡೆ ಪುಟ. ಅಷ್ಟರಲ್ಲಿ ನಾನು ಮಧ್ಯರಾತ್ರಿವರೆಗೆ ಪ್ರಿಂಟರ್ ವಿಡಿಯೊ ನೋಡಿ ಪಂಡಿತನಾಗಿದ್ದೆ. ಪಂಡಿತರನ್ನು ಎರಡು ರೂಪಾಯಿಗೆ ಬಗ್ಗಿಸಲಾಗದು.

ಮೂರ್ನಾಲ್ಕು ಸಾವಿರದ ಪ್ರಿಂಟರು ಮನೆಗೆ ಬರುವಾಗಷ್ಟೇ ಅಗ್ಗ. ಅದರ ಪುಟ್ಟ ಕಾರ್ಟ್ರಿಜ್ಜು ನೂರು ಚಿಲ್ಲರೆ ಪಾನಿಗೇ ಬರಿದಾಗಿ ಮತ್ತೆ ನೂರಾರು ರೂಪಾಯಿ ಕೇಳುತ್ತದೆ. ಲೇಸರಿನದು ಪುಡಿ, ಒಣಗುವ ಭಯವಿಲ್ಲ. ಆದರೆ ಆ ಪುಡಿಯನ್ನು ಇನ್ನೂರು ಡಿಗ್ರಿಯ ಆಸುಪಾಸು ಕಾಯಿಸಿ ಹಾಳೆಗೆ ಅಂಟಿಸಬೇಕು. ಕರೆಂಟ್ ಹೋದಾಗ ನಮ್ಮ ಇನ್ವರ್ಟರ್ ಫ್ಯಾನಿಗೇ ನರಳುತ್ತದೆ, ಇದನ್ನು ಕಂಡರೆ ಕಿರುಚೀತು. ಉಳಿದದ್ದು ಕುಪ್ಪಿಯಿಂದ ಮಸಿ ಸುರಿದು ತುಂಬುವ ಇಂಕ್ ಟ್ಯಾಂಕ್. ಇಂಡೊನೇಷ್ಯಾದ ಜನ ಪ್ರಿಂಟರಿಗೆ ಹೊರಗಿನಿಂದ ನಳಿಗೆ ಚುಚ್ಚಿ ಅಗ್ಗದ ಮಸಿ ಹರಿಸುತ್ತಿದ್ದುದನ್ನು ಕಂಡು ಎಪ್ಸನ್ ಕಂಪನಿ 2010ರಲ್ಲಿ ತಾನೇ ಟ್ಯಾಂಕಿನ ಪ್ರಿಂಟರನ್ನು ಮೊದಲು ಅಲ್ಲಿಯೇ ಮಾರಿತು. ಬಡವರ ಹಿಕಮತ್ತಿಗೆ ಕಂಪನಿ ಮಣಿದ ಕಥೆ! ಹನ್ನೆರಡು ಸಾವಿರ ಎಣಿಸಲು ನನಗೆ ಅಷ್ಟು ಸಾಕಾಯಿತು. ಯಾವ ಕಂಪನಿಯದು ಕೊಂಡೆ ಅಂತ ಮಾತ್ರ ಕೇಳಬೇಡಿ.

ಕೊಪ್ಪಳದ ಗವಿಮಠದ ಜಾತ್ರೆ ಹೊತ್ತಿಗೆ ನಮ್ಮೂರು ಇರಕಲ್ಲಗಡಕ್ಕೆ ಬಂದ ಯಂತ್ರ ಬೇಸಿಗೆವರೆಗೂ ಕಸೂತಿ ಬಟ್ಟೆ ಹೊದ್ದು ಮಲಗಿತ್ತು. ಮಗಳು ಅಂಗಡಿಯಲ್ಲೇ ಪ್ರಿಂಟ್ ತೆಗೆಸುತ್ತಿದ್ದಳು. ಕೊನೆಗೆ ಪ್ರಾಜೆಕ್ಟು ಬಂತು. ಗುಂಡಿ ಒತ್ತಿದರೆ ಬಿಳಿ ಹಾಳೆ ಬಿಳಿಯಾಗಿಯೇ ಹೊರಬಂತು.

ಕೂದಲಿಗಿಂತ ಸಣ್ಣ ರಂಧ್ರಗಳಲ್ಲಿ ಮಸಿ ಒಣಗಿತ್ತು. ‘ಹೆಡ್ ಕ್ಲೀನಿಂಗ್’ ಒತ್ತಿದೆ. ಯಂತ್ರ ಗಾಣದಂತೆ ಗರಗರ ಅಂತು. ಓಣಿ ನೆರೆಯಿತು. ನಾಲ್ಕು ಬಣ್ಣದ ಗೆರೆಗಳ ಪರೀಕ್ಷಾ ಹಾಳೆ ಬಂತು. ಕಪ್ಪು ಗೆರೆ ಅಲ್ಲಲ್ಲಿ ಮಾಯ. ಕೊಪ್ಪಳದಲ್ಲಿ ಅಶೋಕ ಒಂದೇ ಒಕ್ಕಣೆಯನ್ನು ಎರಡು ಕಡೆ ಕೊರೆಸಿದ್ದಾನೆ: ಗವಿಮಠದ್ದು ಚೆನ್ನಾಗಿ ಉಳಿದಿದೆ, ಪಾಲ್ಕಿಗುಂಡಿನದು ಸವೆದಿದೆ. ನನ್ನದು ಪಾಲ್ಕಿಗುಂಡಿನ ಪ್ರತಿ. ಹಾಳೆ ಕೈಯಿಂದ ಕೈಗೆ ಹೋಯಿತು. ಒಬ್ಬರು ಬಿಸಿಲಿಗೆ ಹಿಡಿದರು, ಒಬ್ಬರು ಮೂಸಿದರು. ‘ಹಳದಿ ಚಲೋ ಬಂದೈತಿ’ ಎಂದು ಹಿರಿಯರೊಬ್ಬರು ಸಮಾಧಾನ ಹೇಳಿದರು. ಇನ್ನೊಮ್ಮೆ ಒತ್ತಿದೆ. ಮತ್ತೂ ಒತ್ತಿದೆ. ಪ್ರತಿ ಸಲವೂ ಟ್ಯಾಂಕಿನ ಮಸಿ ಇಳಿಯುವುದನ್ನು ಗಾಜಿನಾಚೆ ಎಲ್ಲರೂ ಕಣ್ಣಾರೆ ಕಂಡರು. ಪಕ್ಕದ ಮನೆಯಮ್ಮ ತಡೆಯಲಾರದೆ ಕೇಳಿದಳು: ‘ಇಷ್ಟು ಕುಡಿದದ್ದೆಲ್ಲಾ ಎಲ್ಲಿ ಹೋಗ್ತದೋ?’

‘ತಳದಾಗ ಒಂದು ಮೆತ್ತನ್ನ ಹಾಸಿಗಿ ಐತಿ, ಅದು ಹೀರ್ಕೊಂತದ.’

‘ಅದಕ್ಕೂ ಹಾಸಿಗಿ!’ ಅಂದಳು ಆಕೆ. ಸಭೆ ನಕ್ಕಿತು. ಅಷ್ಟರಲ್ಲಿ ಕಪ್ಪು ಗೆರೆ ಪೂರ್ತಿ ಮೂಡಿತು. ಚಪ್ಪಾಳೆ ತಟ್ಟಿದವನು ನಾನೊಬ್ಬನೇ.

ಪ್ರಾಜೆಕ್ಟಿನ ಮುಖಪುಟಕ್ಕೆ ಬಣ್ಣದ ಲಾಂಛನ, ದಪ್ಪ ಅಂಚು ಕಡ್ಡಾಯ. ಕುಪ್ಪಿಯ ಮೇಲೆ ಬರೆದ ಸಾವಿರಾರು ಪಾನಿನ ಲೆಕ್ಕ ಶೇ 5ರಷ್ಟು ಮಾತ್ರ ಮಸಿ ಬಿದ್ದ ಹಾಳೆಗೆ ಎಂದು ಈ ಮೇಷ್ಟರುಗಳಿಗೆ ಯಾರು ಹೇಳಬೇಕು? ಅವರು ಒಳಗಿನ ಪಾನು ಓದುವುದೂ ಅಷ್ಟೇ ಶೇಕಡಾ ಇರಬೇಕು.

ಮರುದಿನದಿಂದ ಓಣಿಯ ಆಧಾರ್, ಪಹಣಿ, ಪಾಸ್‌ಬುಕ್ಕು ನಮ್ಮ ಪಡಸಾಲೆಗೆ ಬಂದವು. ಪಕ್ಕದ ಮನೆಯಮ್ಮ ವಿಧವಾ ವೇತನದ ಕಾಗದ ತಂದಳು. ಹೋದ ವರ್ಷ ಕೊಟ್ಟವೇ ಅವೆಲ್ಲ. ಅವಳ ಗಂಡ ಸತ್ತಿದ್ದಾನೆ ಎಂಬುದಕ್ಕೆ ಇನ್ನೂ ಎಷ್ಟು ಪ್ರತಿ ಬೇಕು? ತೆಗೆದುಕೊಟ್ಟೆ. ಆಕೆ ಸೆರಗಿನ ಗಂಟು ಬಿಚ್ಚತೊಡಗಿದಳು. ನಾನು ಪ್ರಿಂಟರಿನ ಮೇಲಿಲ್ಲದ ಧೂಳು ಒರೆಸಿದೆ.

ರಾತ್ರಿ ಮಗಳು ನೋಟ್‌ಬುಕ್ಕು ಹಿಡಿದು ಬಂದಳು. ‘ಹಾಳಿ, ಮಸಿ ಸೇರಿ ಪಾನಿಗೆ ಎಪ್ಪತ್ತು ಪೈಸೆ. ಉಳಿಯೂದು ಒಂದು ರೂಪಾಯಿ ಮೂವತ್ತು ಪೈಸೆ. ನಿನ್ನ ಹನ್ನೆರಡು ಸಾವಿರ ಬರಾಕ 9,231 ಪಾನು ಬೇಕಪ್ಪ. ಮೂರು ವರ್ಷಕ್ಕ ನಾ ಐದುನೂರು ತೆಗದ್ರ ಹೆಚ್ಚು.’

‘ಉಳಿದದ್ದು ಓಣಿ ತೆಗಿತದ’ ಅಂದೆ.

‘ರೊಕ್ಕ ಇಸ್ಕೊಂಡಿಯೇನು?’

ಇನ್ವರ್ಟರಿನ ನೀರು ನೋಡುವ ನೆಪದಲ್ಲಿ ಎದ್ದೆ. ಬೆಳಿಗ್ಗೆ ಬಾಗಿಲಲ್ಲಿ ಹಾಳೆ ಅಂಟಿತ್ತು: ‘ಝರಾಕ್ಸ್ ಪಾನಿಗೆ 2 ರೂ. ಪಿಂಚಣಿ ಕಾಗದಕ್ಕೆ ರೊಕ್ಕ ಇಲ್ಲ.’ ಪೆನ್ನಿನಿಂದ ಬರೆದಿದ್ದಳು. ಪ್ರಿಂಟ್ ತೆಗೆದರೆ ಎಪ್ಪತ್ತು ಪೈಸೆ ದಂಡವಂತೆ.