ತಂತ್ರಾಂಶಾಂತರ ಮೀಮಾಂಸೆ

ವಿಷಯ ಪ್ರವೇಶ

ನಾಗಮಂಗಲ ತಾಲ್ಲೂಕಿನ ನಮ್ಮ ಬೆಳ್ಳೂರನ್ನು ಇಂಗ್ಲಿಷಿಗೆ ಕಳಿಸಿ ಮತ್ತೆ ಕನ್ನಡಕ್ಕೆ ಕರೆಸಿ ನೋಡಿ. ಎಷ್ಟೋ ಸಲ ಅದು ಬೇಲೂರಾಗಿ ಮರಳುತ್ತದೆ. ಒಂದು ಒತ್ತಕ್ಷರ ದಾರಿಯಲ್ಲಿ ಉದುರಿದ್ದಕ್ಕೆ ಚೆನ್ನಕೇಶವ ಗುಡಿಯೇ ಹಾಸನ ದಾಟಿ ನಮ್ಮೂರಿಗೆ ಬಂದುಬಿಡುತ್ತದೆ. ಕೋಲಾರ ಜಿಲ್ಲೆಯಲ್ಲೂ ಒಂದು ಬೆಳ್ಳೂರಿದೆ. ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರರು 1918ರಲ್ಲಿ ಹುಟ್ಟಿದ್ದು ಅಲ್ಲಿ. ನಕ್ಷೆ ಬರೆಯುವ ಆಟೊಕ್ಯಾಡ್ ತಂತ್ರಾಂಶದಲ್ಲಿ ಹೆಸರಿಟ್ಟ ಚಿತ್ರಗುಚ್ಛಕ್ಕೆ ಬ್ಲಾಕ್ ಎನ್ನುತ್ತಾರೆ; ಒಂದು ಬ್ಲಾಕ್ ಇರುವ ನಕ್ಷೆಗೆ ಅದೇ ಹೆಸರಿನ ಇನ್ನೊಂದನ್ನು ತಂದು ಅಂಟಿಸಿದರೆ ಮೊದಲೇ ಇದ್ದದ್ದು ಗೆಲ್ಲುತ್ತದೆ, ಹೊಸದಾಗಿ ಬಂದದ್ದು ಅದರ ವೇಷ ತೊಡುತ್ತದೆ. ಈ ನ್ಯಾಯದಂತೆ ಕೋಲಾರದ ಬೆಳ್ಳೂರನ್ನು ನಮ್ಮ ನಕ್ಷೆಗೆ ಅಂಟಿಸಿದರೆ ಅಯ್ಯಂಗಾರರು ನಾಗಮಂಗಲದವರಾಗುತ್ತಾರೆ. ನಮ್ಮದೇನೂ ತಕರಾರಿಲ್ಲ. ಆದರೆ ಶಾಸ್ತ್ರಕ್ಕಿದೆ.

ಲಕ್ಷಣ

ಒಂದು ತಂತ್ರಾಂಶದಲ್ಲಿ ಕಟ್ಟಿದ ಮನೆಯ ಮಾದರಿಯನ್ನು ಇನ್ನೊಂದರಲ್ಲಿ ತೆರೆಯುವುದೇ ತಂತ್ರಾಂಶಾಂತರ. ಇದು ಜನ್ಮಾಂತರದ ತಿರುವುಮುರುವು. ಜನ್ಮಾಂತರದಲ್ಲಿ ದೇಹ ಬೇರೆ, ಆತ್ಮ ಅದೇ. ಇಲ್ಲಿ ದೇಹ ಅದೇ, ಆತ್ಮ ನಾಪತ್ತೆ.

ಮತಭೇದ

ಮೊದಲನೆಯದು ರೇಖಾವಾದ. 1982ರಲ್ಲಿ ಬಂದ ಆಟೊಕ್ಯಾಡಿನ ಮೂಲ ದರ್ಶನದಲ್ಲಿ ಸಕಲವೂ ಗೆರೆ. ಗೋಡೆಯೆಂದರೆ ಎರಡು ಗೆರೆ. ಅದೇ ವರ್ಷ ಬುಡಾಪೆಸ್ಟಿನಲ್ಲಿ ಶುರುವಾದ ಗ್ರಾಫಿಸಾಫ್ಟ್ ಕಂಪನಿ ಆರ್ಕಿಕ್ಯಾಡ್ ತಂದು, ಗೋಡೆ ಗೋಡೆಯೇ, ಅದಕ್ಕೆ ದಪ್ಪ, ಎತ್ತರ, ಗಾರೆ ಎಲ್ಲ ಉಂಟು ಎಂದು ವಸ್ತುವಾದವನ್ನು ಸ್ಥಾಪಿಸಿತು. 2000ದಲ್ಲಿ ರೆವಿಟ್ ಬಂದು, ಒಂದು ಕಡೆ ಬಾಗಿಲು ಸರಿಸಿದರೆ ಎಲ್ಲ ಹಾಳೆಗಳಲ್ಲೂ ಅದು ಸರಿಯಬೇಕು ಎಂದಿತು. ಅದೇ ವರ್ಷದ ಸ್ಕೆಚ್‌ಅಪ್ ಇದ್ಯಾವ ಗೊಡವೆಯೂ ಬೇಡ, ತಟ್ಟೆಯಂಥ ಮುಖ ಹಿಡಿದು ಮೇಲಕ್ಕೆಳೆದರೆ ಮನೆ ಎಂದಿತು.

ಬೇರೆ ಬೇರೆ ಮತದವರು ಒಂದೇ ಪಂಕ್ತಿಯಲ್ಲಿ ಕೂರಲೆಂದು, ಕೊನೆಯ ಎರಡು ಮತ ಹುಟ್ಟುವ ಮೊದಲೇ, 1990ರ ದಶಕದ ನಡುವೆ ಐಎಫ್‌ಸಿ ಎಂಬ ಮಧ್ಯಸ್ಥ ಕಡತರೂಪ ಹುಟ್ಟಿತು. 2013ರಲ್ಲಿ ಐಎಸ್‌ಒ 16739 ಎಂಬ ಸಂಖ್ಯೆಯ ಪೂರ್ಣ ಮಾನದಂಡವಾಯಿತು. ಪಂಚಾಯ್ತಿ ಯಾಕೆ ಬೇಕಿತ್ತು ಎನ್ನುವವರಿಗೆ ಒಂದು ಲೆಕ್ಕ: ತಂತ್ರಾಂಶಗಳಿಗೆ ಪರಸ್ಪರ ಮಾತು ತಿಳಿಯದ್ದರಿಂದ ಅಮೆರಿಕದ ದೊಡ್ಡ ಕಟ್ಟಡಗಳ ಉದ್ಯಮಕ್ಕೆ ವರ್ಷಕ್ಕೆ 1,580 ಕೋಟಿ ಡಾಲರ್ ನಷ್ಟ ಎಂದು ಅಲ್ಲಿನ ಎನ್‌ಐಎಸ್‌ಟಿ ಸಂಸ್ಥೆ 2004ರಲ್ಲಿ ಅಂದಾಜು ಮಾಡಿತ್ತು.

ಪ್ರಯೋಗ

ಪ್ರಯೋಗಕ್ಕೆ ಒದಗಿದ್ದು ನಮ್ಮ ಸೋದರಮಾವನ 30×40 ಸೈಟು. ಒಂದು ತಂತ್ರಾಂಶದಲ್ಲಿ ಮನೆ ಕಟ್ಟಿ ಐಎಫ್‌ಸಿ ಮೂಲಕ ಇನ್ನೊಂದಕ್ಕೆ ದಾಟಿಸಿದೆವು. ಎರಡರ ಹೆಸರನ್ನೂ ಹೇಳುವುದಿಲ್ಲ. ಬೈದರೆ ಇಬ್ಬರನ್ನೂ ಬೈಯಬೇಕು.

ಪ್ರಥಮ ದೋಷ, ಮಾನಭಂಗ. ಇಲ್ಲಿ ಮಾನವೆಂದರೆ ಅಳತೆ. ಮೂವತ್ತು ಅಡಿಯೆಂದರೆ 360 ಇಂಚು, ನಲವತ್ತು ಅಡಿಯೆಂದರೆ 480. ಎರಡನೆಯ ತಂತ್ರಾಂಶ ಸಂಖ್ಯೆಗಳನ್ನು ಭಕ್ತಿಯಿಂದ ಹಾಗೇ ಇಟ್ಟುಕೊಂಡು ಇಂಚನ್ನು ಮಿಲಿಮೀಟರ್ ಎಂದು ಓದಿತು. ಇಡೀ ಮನೆ 36 ಸೆಂಟಿಮೀಟರ್ ಅಗಲ, 48 ಉದ್ದ. ಮಾವ ಪರದೆಗೆ ಬಗ್ಗಿ ನೋಡಿ ಅಂದರು: “ಮನೆ ಕೇಳುದ್ರೆ ಮಣೆ ಕೊಟ್ಯಲ್ಲೋ!”

ದ್ವಿತೀಯ ದೋಷ, ಭಾಷಾಂತರ್ಧಾನ. ಕೋಣೆಗಳ ಹೆಸರನ್ನು ಹಳೆಯ ನುಡಿ ಫಾಂಟಿನಲ್ಲಿ ಬರೆದಿದ್ದೆವು. ಆ ಫಾಂಟು ಕನ್ನಡದ ವೇಷ ತೊಟ್ಟ ರೋಮನ್ ಸಂಕೇತಗಳ ಮೇಳ. ಬಣ್ಣದ ಪೆಟ್ಟಿಗೆ ಜೊತೆಗೆ ಬರದಿದ್ದಾಗ ಮೇಳದವರೆಲ್ಲ ಮನೆಬಟ್ಟೆಯಲ್ಲೇ ರಂಗಕ್ಕೆ ಬಂದರು. ನಡುಮನೆ, ಹಜಾರ, ಬಚ್ಚಲು ಮೂರೂ ಕೊಂಬುಚುಕ್ಕಿ ಹೊತ್ತ ಯಾವುದೋ ಯುರೋಪಿನ ಊರುಗಳಂತೆ ಕಂಡವು. ಯಾವುದು ಬಚ್ಚಲೆಂದು ಪೈಪಿನ ಗೆರೆ ಹಿಡಿದು ಪತ್ತೆಹಚ್ಚಿದೆವು.

ತೃತೀಯ ದೋಷವೇ ಮಹಾದೋಷ, ಪ್ರಾಕ್ಸಿ. ತಲೆಬಾಗಿಲಿಗೆ ಮೊದಲ ತಂತ್ರಾಂಶದಲ್ಲಿ ಪೂರ್ತಿ ಜಾತಕವಿತ್ತು: ಅಗಲ ಮೂರೂವರೆ ಅಡಿ, ಎತ್ತರ ಏಳು, ತೇಗದ ಮರ, ಕೀಲು ಎಡಕ್ಕೆ, ತೆರೆಯುವುದು ಒಳಕ್ಕೆ. ದಾಟಿದ ಮೇಲೆ ಅದನ್ನು ಒತ್ತಿದರೆ ಬಂದದ್ದು ಒಂದೇ ಉತ್ತರ: ಪ್ರಾಕ್ಸಿ. ತನಗೆ ಇಂಥದ್ದೆಂದು ತಿಳಿಯದ ಕಟ್ಟಡದ ಭಾಗಕ್ಕೆಲ್ಲ ಐಎಫ್‌ಸಿ ಕೊಡುವ ಹೆಸರದು. ಕಾಲೇಜಿನಲ್ಲಿ ಗೆಳೆಯನ ಪರವಾಗಿ ‘ಪ್ರೆಸೆಂಟ್ ಸಾರ್’ ಅಂದವರಿಗೆ ಇದರ ಸ್ವರೂಪವನ್ನು ವಿವರಿಸಬೇಕಿಲ್ಲ: ಹಾಜರಿ ಉಂಟು, ಆಸಾಮಿ ಇಲ್ಲ. ಬಾಗಿಲಿನ ಜಾಗದಲ್ಲಿ ಬಾಗಿಲಿನ ಗಾತ್ರದ ದಿಮ್ಮಿ ನಿಂತಿತ್ತು, ತೆರೆಯುವುದನ್ನು ಮರೆತು. ತುಳಸಿಕಟ್ಟೆಯೂ ಪ್ರಾಕ್ಸಿ. ಪಾಪ, ಅದು ಮೊದಲಿನಿಂದಲೂ ಹಾಗೇ. ಗೋಡೆ, ಬಾಗಿಲು, ಮೆಟ್ಟಿಲಿಗೆ ವರ್ಗ ಮಾಡಿಟ್ಟವರು ತುಳಸಿಕಟ್ಟೆಗೆ ಮಾಡಿರಲಿಲ್ಲ.

ಪೂರ್ವಪಕ್ಷ

ಇಡೀ ಮನೆಯನ್ನು ಬಿಚ್ಚದೆ ಎತ್ತಿಕೊಂಡು ಹೋದರಾಗದೇ ಎಂದು ಕೆಲವರು ಕೇಳುತ್ತಾರೆ. ಆಗುತ್ತದೆ. 2017ರಲ್ಲಿ ಶ್ರೀರಂಗಪಟ್ಟಣದಲ್ಲಿ, ಬೆಂಗಳೂರು–ಮೈಸೂರು ಜೋಡಿ ರೈಲುಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪು ಕಾಲದ ಶಸ್ತ್ರಾಗಾರವನ್ನು, ಸುಮಾರು ಸಾವಿರ ಟನ್ ಭಾರವನ್ನು, ಒಡೆಯದೆ ಜ್ಯಾಕ್ ಕೊಟ್ಟು ಎತ್ತಿ ನೂರಾರು ಅಡಿ ಆಚೆಗೆ ಸರಿಸಿದರು. ಹೀಗೆ ಬಿಚ್ಚದೆ ತರುವುದನ್ನು ತಂತ್ರಾಂಶದವರು ಲಿಂಕ್ ಅನ್ನುತ್ತಾರೆ. ಮಾದರಿ ಇಡಿಯಾಗಿ ಬಂದು ಕೂರುತ್ತದೆ. ನೋಡಬಹುದು, ಸುತ್ತು ಬರಬಹುದು, ಒಂದು ಕಿಟಕಿಯನ್ನೂ ಅಲುಗಿಸುವಂತಿಲ್ಲ. ಶಸ್ತ್ರಾಗಾರಕ್ಕೆ ಅದೇ ಮರ್ಯಾದೆ. ಅಡುಗೆಮನೆಯನ್ನು ಎರಡಡಿ ಹಿಗ್ಗಿಸಬೇಕಾದ ಮಾವನಿಗೆ ಅದೇ ಅಡ್ಡಿ.

ಉತ್ತರಪಕ್ಷ

ಇನ್ನು ಬಿಚ್ಚಿ ಸಾಗಿಸುವ ಮಾರ್ಗ. ಕೃಷ್ಣರಾಜಸಾಗರದ ನೀರಿನಡಿ ಹೋಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯನ್ನು ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಗೆ ತಂದದ್ದು ಹೀಗೆ. ಖೋಡೆ ಪ್ರತಿಷ್ಠಾನದವರು ಫೋಟೊ ತೆಗೆಸಿ, ಕಲ್ಲುಕಲ್ಲಿಗೂ ಸಂಖ್ಯೆ ಬರೆಸಿ, ಕಳಚಿ, ಎತ್ತರದ ದಂಡೆಯಲ್ಲಿ ಮತ್ತೆ ಜೋಡಿಸಿದರು. ಐಎಫ್‌ಸಿ ಕಡತವನ್ನು ಬರಹದ ಹಾಳೆಯಾಗಿ ತೆರೆದು ನೋಡಿ, ಕಾಣುವುದೂ ಇದೇ. ಸಾಲುಸಾಲಿಗೂ ಒಂದು ಸಂಖ್ಯೆ, ಇಂಥ ಸಂಖ್ಯೆ ಇಂಥದರ ಮೇಲೆ ನಿಂತಿದೆ ಎಂಬ ನಮೂದು, ಗೋಡೆಗೆ ಬಾಗಿಲಿಗೆ ತಲಾ 22 ಅಕ್ಷರಗಳ ಗುರುತು. ಹಿನ್ನೀರಿನ ದಂಡೆಗೆ ಬಂದ ಕಲ್ಲುಗಳು ಐಎಫ್‌ಸಿಯ ಖಾಸಾ ಬಂಧುಗಳು.

ಆದರೂ ಆ ಗುಡಿ ಎದ್ದಿತು, ನಮ್ಮ ಬಾಗಿಲು ದಿಮ್ಮಿಯಾಯಿತು. ಏಕೆ?

ಸಿದ್ಧಾಂತ

ಸಂಖ್ಯೆ ಹೇಳುವುದು ಕಲ್ಲು ಎಲ್ಲಿತ್ತು ಎಂದಷ್ಟೇ. ಇದು ಹೊಸ್ತಿಲು, ಇದು ಬೋದಿಗೆ ಎಂದು ಬಲ್ಲವರೂ ಗುಡಿಯ ಸಂಗಡ ದಂಡೆ ಹತ್ತಿದ್ದರು. ನಮ್ಮ ಕಡತದ ಸಂಗಡ ಯಾರೂ ಹೋಗಿರಲಿಲ್ಲ. ಆದ್ದರಿಂದ ಸೂತ್ರ: ಆಕಾರ ತಾನೇ ದಾಟೀತು, ಅರ್ಥವನ್ನು ಯಾರಾದರೂ ಕೈಹಿಡಿದು ದಾಟಿಸಬೇಕು.

ಫಲಶ್ರುತಿ

ಈ ಮೀಮಾಂಸೆಯನ್ನು ಪಠಿಸಿದವರಿಗೆ ಮಾನಭಂಗ ತಟ್ಟದು, ಫಾಂಟು ತಪ್ಪದು ಎಂದು ಹರಸುವುದು ಪದ್ಧತಿ. ಬರೆದ ನಮಗೆ ಸಿಕ್ಕ ಫಲ ಇಷ್ಟು. ಪಾಯ ಗುರುತು ಹಾಕುವ ಬೆಳಗ್ಗೆ ಮೇಸ್ತ್ರಿ ನಮ್ಮ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿ ಕೇಳಿದ: “ಸಾರ್, ಬಾಕ್ಲು ಒಳೀಕ್ ತೆಗೀತದೋ, ಈಚೀಕೋ?”

ಲ್ಯಾಪ್‌ಟಾಪ್ ತೆರೆದೆ. ಪ್ರಾಕ್ಸಿ ಅಂದಿತು.

ಕಲ್ಲಿನ ಮೇಲೆ ಕೂತು ಎಲೆ ಹಾಕುತ್ತಿದ್ದ ಮಾವ ಅತ್ತಲಿಂದಲೇ ಅಂದರು: “ಒಳೀಕೇ ಕಣಪ್ಪ. ಈಚೀಕ್ ತೆಗುದ್ರೆ ತುಳಸಿಕಟ್ಟೆಗೆ ಬಡೀತದೆ.”

ಮೇಸ್ತ್ರಿ ಸುಣ್ಣದ ಪುಡಿ ಹಿಡಿದು ಬಗ್ಗಿ, ಹೊಸ್ತಿಲ ಜಾಗದಿಂದ ಒಳಗಡೆಗೆ ಕಾಲು ವೃತ್ತ ಎಳೆದ.