ಹೆಣ್ಣೊಪ್ಪಿಸಿಕೊಳ್ಳುವ ಹಿರಿಯರಿಗೆ ಒಂದು ಬಹಿರಂಗ ಪತ್ರ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಗಂಡಿನ ಮನೆಯ ಹಿರಿಯರೇ,

ಛತ್ರದಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರ ಮುಗಿಯುತ್ತಲೇ ನೀವು ಸೊಸೆಗೆ ಬುದ್ಧಿ ಹೇಳುತ್ತೀರಿ: ‘ಸಂಸಾರ ತೂಗಿಸಿಕೊಂಡು ಹೋಗಮ್ಮ, ಮನೆ ಇನ್ನು ನಿನ್ನ ಕೈಲಿದೆ.’ ಪಕ್ಕದಲ್ಲೇ ನಿಂತ ಮಗನಿಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ಅದಕ್ಕೇ ಈ ಪತ್ರ.

ಮನೆ ಕೆಟ್ಟರೆ ಹೆಣ್ಣಿನತ್ತಲೇ ಬೆರಳು ತೋರುವುದು ನಮ್ಮಲ್ಲಷ್ಟೇ ಅಲ್ಲ. ಹಾಲೆಂಡಿನ ಚಿತ್ರಕಾರ ಯಾನ್ ಸ್ಟೇನ್ 1663ರಲ್ಲಿ ಬರೆದ ಒಂದು ಚಿತ್ರ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ. ಮನೆಯೊಡತಿ ಕೂತಲ್ಲೇ ನಿದ್ದೆಹೋಗಿದ್ದಾಳೆ. ನಾಯಿ ಮೇಜು ಹತ್ತಿ ತಿನ್ನುತ್ತಿದೆ, ಹಂದಿ ಒಳಗೆ ಬಂದಿದೆ, ಹುಡುಗನೊಬ್ಬ ಚಿಲುಮೆ ಸೇದಲು ಕಲಿಯುತ್ತಿದ್ದಾನೆ. ಗಂಡಸೊಬ್ಬ ಪಕ್ಕದ ಹೆಣ್ಣಿನ ಮಡಿಲ ಮೇಲೆ ಕಾಲು ಚಾಚಿ ನಗುತ್ತಿದ್ದಾನೆ. ಮೇಲೆ ತೂಗುವ ಬುಟ್ಟಿಯಲ್ಲಿ ಊರುಗೋಲು, ಕತ್ತಿ: ಮುಂದೆ ಬರಲಿರುವ ಬಡತನ ಮತ್ತು ದಂಡನೆಯ ಗುರುತುಗಳು. ಮೂಲೆಯ ಸ್ಲೇಟಿನಲ್ಲಿ ಬರೆದಿದೆ: ಸಿರಿಯಿದ್ದಾಗ ಎಚ್ಚರವಿರಲಿ. ಎಚ್ಚರಿಕೆ ಇಡೀ ಮನೆಗೆ; ಆದರೆ ನೋಡುವವರ ಬೆರಳು ಮೊದಲು ತೋರುವುದು ನಿದ್ದೆಹೋದವಳನ್ನೇ. ಆಕೆ ಯಾಕೆ ಅಷ್ಟು ದಣಿದಳೆಂದು ಕೇಳುವವರು ಕಡಿಮೆ.

ಹಾಗಾದರೆ ಆಕೆ ಎಚ್ಚರವಾಗಿದ್ದರೆ ಮನೆ ಉಳಿಯುತ್ತಿತ್ತೇ? ಉತ್ತರ ನಮ್ಮ ಸೀಮೆಯಲ್ಲೇ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ಕಾದಂಬರಿ ಓದಿ. ಅದರ ನಾಯಕಿ ನಂಜಮ್ಮ ನಿದ್ದೆಗೆಟ್ಟು ದುಡಿದವಳು. ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ. ಲೆಕ್ಕ ಬರೆದವಳು ಆಕೆ. ಮುತ್ತುಗದ ಎಲೆ ಹಚ್ಚಿ ಕಾಸು ಕೂಡಿಸಿದವಳೂ ಆಕೆಯೇ. ಆತನದು ಹೊಟ್ಟೆಯ ಚಿಂತೆ ಒಂದೇ. ಅತ್ತೆ ಗಂಗಮ್ಮನ ಬಾಯಿಗೆ ಲಂಗುಲಗಾಮಿಲ್ಲ. ಜಮೀನು ಕೈಬಿಟ್ಟುಹೋಯಿತು. ಪ್ಲೇಗು ಮಕ್ಕಳನ್ನೂ ಕೊನೆಗೆ ನಂಜಮ್ಮನನ್ನೂ ಕೊಂಡೊಯ್ದಿತು. ಪ್ಲೇಗನ್ನು ಯಾರ ಸೋಮಾರಿತನವೂ ತರಲಿಲ್ಲ, ನಿಜ. ಆದರೆ ಅದು ಮಕ್ಕಳನ್ನು ಕೊಂಡೊಯ್ಯುವ ಮೊದಲೇ ಆ ಮನೆ ಒಡೆದಿತ್ತು. ಒಡೆದದ್ದು ಹೆಂಗಸು ಮೈಮರೆತದ್ದರಿಂದಲ್ಲ.

ಸ್ಟೇನ್‌ಗೆ ಒಂದು ನ್ಯಾಯ ಸಲ್ಲಬೇಕು. ಇಂಥ ಚಿತ್ರಗಳಲ್ಲಿ ಮೋಜಿಗೆ ಬಿದ್ದ ಯಜಮಾನನಿಗೆ ಆತ ಎಷ್ಟೋ ಸಲ ತನ್ನ ಮುಖವನ್ನೇ ಕೊಟ್ಟ. ಇನ್ನೊಂದು ಚಿತ್ರದಲ್ಲಿ ಮಗುವಿನ ಬಾಯಿಗೆ ಚಿಲುಮೆ ಹಿಡಿದು ನಗುವ ಗಂಡಸೂ ಆತನೇ. ತಪ್ಪಿನಲ್ಲಿ ಗಂಡಸಿನ ಪಾಲೂ ಇದೆಯೆಂದು ಹೇಳಲು ಅದಕ್ಕಿಂತ ನೇರ ದಾರಿ ಇಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ಮುಂದಿನ ಮದುವೆಯಲ್ಲಿ ಮಗನನ್ನೂ ಸೊಸೆಯ ಪಕ್ಕಕ್ಕೆ ಕರೆದು, ಅಷ್ಟೂ ಜನರ ಎದುರಿಗೇ ಹೇಳಿ: ‘ದುಡಿದದ್ದರ ಲೆಕ್ಕ ಮನೆಗೆ ಕೊಡು. ಸಾಲ ಮಾಡುವ ಮುಂಚೆ ಇವಳನ್ನು ಕೇಳು. ಉಂಡ ತಟ್ಟೆ ನೀನೇ ತೊಳಿ. ನಿನ್ನ ತಾಯಿಯೇ ಬೈದರೂ ಇವಳ ಪರವಾಗಿ ಒಂದು ಮಾತಾಡು.’ ಸೊಸೆಗೆ ಹೇಳುವ ಬುದ್ಧಿಯನ್ನು ಬಿಡಬೇಡಿ. ಅದರಲ್ಲಿ ಅರ್ಧ ಮಗನ ಪಾಲಿಗೆ ಹಾಕಿ. ಮನೆ ಇಬ್ಬರದೆಂದು ಮೊದಲ ದಿನವೇ ಹಿರಿಯರ ಬಾಯಿಂದ ಕೇಳಿದ ಗಂಡು ಅದನ್ನು ಸುಲಭಕ್ಕೆ ಮರೆಯಲಾರ ಎಂಬ ನಂಬಿಕೆ ನನ್ನದು.

ಇಂತಿ,
ನಿಮ್ಮದೇ ಜಿಲ್ಲೆಯ ಒಬ್ಬ ಮಗಳು