ಚೊಂಬುಪುಷ್ಪ ಮೀಮಾಂಸೆ

ಯಾವ ಶಾಸ್ತ್ರಗ್ರಂಥವೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಯೇ ಮುಂದುವರಿಯಬೇಕು. ಬೇಸಿಗೆಯಲ್ಲಿ ಮನೆಗೆ ಹೂ ಜೋಡಿಸುವ ಈ ಶಾಸ್ತ್ರದಲ್ಲಿ ಕೊನೆಯ ಮೂರರ ಬಗ್ಗೆ ತಕರಾರಿಲ್ಲ. ಜಗಳವೆಲ್ಲ ಅಧಿಕಾರಿಯದು. ಮನೆಗೆ ಬಂದ ಹೂವಿಗೆ ಪ್ರಥಮಾಧಿಕಾರಿ ದೇವರು, ದ್ವಿತೀಯಾಧಿಕಾರಿ ಮುಡಿ, ತೃತೀಯಾಧಿಕಾರಿ ಹೊಸ್ತಿಲು. ಈ ಮೂವರೂ ಬಿಟ್ಟದ್ದು ಮೇಜಿಗೆ. ಆದ್ದರಿಂದ ನಮ್ಮ ಹೂಜೋಡಣೆಯನ್ನು ಕಲೆ ಎನ್ನುವುದಕ್ಕಿಂತ ಶೇಷಶಾಸ್ತ್ರ ಎನ್ನುವುದೇ ಲೇಸು.

ಮೈಸೂರು, ಹಡಗಲಿ, ಉಡುಪಿ ಮಲ್ಲಿಗೆಗಳು ಭೌಗೋಳಿಕ ಸೂಚಿ ಪಡೆದಿವೆ. ಮೇಜಿನ ಮೇಲೆ ಜಾಗ ಪಡೆದಿಲ್ಲ. ಉಡುಪಿ ಮಲ್ಲಿಗೆಯ ಊರಾದ ಶಂಕರಪುರದ ಕಡೆ ನಾಲ್ಕು ಚೆಂಡು ಹೂ ಸೇರಿದರೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಕಟ್ಟಿದ ಅಂಥ ಅಟ್ಟೆಯನ್ನು ಬಿಚ್ಚಿ ನೀರಿಗೆ ಹಾಕುತ್ತೇನೆಂದು ಮನೆಯಲ್ಲಿ ಒಮ್ಮೆ ಹೇಳಿ ನೋಡಿ. ಸಂಶೋಧನೆ ಅಲ್ಲಿಗೇ ಮುಗಿಯುತ್ತದೆ.

ಇನ್ನು ಸಂಗ್ರಹಣ ಪ್ರಕರಣ. ನಸುಕಿನಲ್ಲಿ ಕೊಕ್ಕೆಕೋಲು, ಪ್ಲಾಸ್ಟಿಕ್ ಕವರು ಹಿಡಿದು ವಾಕಿಂಗ್ ಹೊರಡುವ ವಿದ್ವಾಂಸರು ಎಲ್ಲ ಬಡಾವಣೆಗಳಲ್ಲೂ ಇದ್ದಾರೆ. ಪಕ್ಕದವರ ಕಾಂಪೌಂಡಿನ ಹೂವನ್ನು ಪೂಜೆಗೆಂದು ಕಿತ್ತರೆ ಕಳವಲ್ಲ ಎಂಬುದು ಅವರ ಸ್ಮೃತಿ. ಮೇಜಿಗೆಂದು ಕಿತ್ತರೆ ಏನು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ, ಸಿಕ್ಕಿಬಿದ್ದವರೆಲ್ಲ ಪೂಜೆಗೆಂದೇ ಹೇಳಿರುವುದರಿಂದ.

ಶೇಷಗಳಲ್ಲಿ ಶ್ರೇಷ್ಠ ದಾಸವಾಳ. ಕಿತ್ತ ಮೇಲೆ ನೀರಿನಲ್ಲಿಟ್ಟರೂ ಇಡದಿದ್ದರೂ ಅದರ ಬಾಳು ಹೆಚ್ಚುಕಡಿಮೆ ಒಂದೇ ದಿನ. ಜ್ಯೇಷ್ಠದ ನಿರ್ಜಲ ಏಕಾದಶಿಯನ್ನು ನಿತ್ಯವೂ ಆಚರಿಸುವ ಈ ಹೂವಿಗೆ ಒಂದು ತಟ್ಟೆ ಸಾಕು. ಸಂಜೆಗೆ ಮುದುಡುತ್ತದಾದ್ದರಿಂದ ರಾತ್ರಿಯೂಟದ ನೆಂಟರನ್ನು ಮಧ್ಯಾಹ್ನಕ್ಕೇ ಕರೆಯತಕ್ಕದ್ದು. ಸುಗಂಧರಾಜ ಇದಕ್ಕೆ ತದ್ವಿರುದ್ಧ: ಕಡ್ಡಿಯ ಕೆಳಗಿನ ಮೊಗ್ಗಿನಿಂದ ಮೇಲಕ್ಕೆ ಒಂದೊಂದಾಗಿ ಅರಳುತ್ತ, ಕತ್ತಲಾದ ಮೇಲೆ ಹೆಚ್ಚು ಘಮಘಮಿಸುತ್ತದೆ. ಇದಕ್ಕೆ ಹಿತ್ತಾಳೆ ಚೊಂಬೇ ಬೇಕು. ಅದರ ಸಣ್ಣ ಕತ್ತಿಗೆ ಒರಗಿದ ಕಡ್ಡಿಗಳು ತಾವೇ ಹರಡಿ ನಿಲ್ಲುತ್ತವೆ. ಜೋಡಿಸಿದ ಕೀರ್ತಿ ಮಾತ್ರ ನಮಗೆ. ಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸಿ, ಬುಡದ ಎಲೆಗಳನ್ನು ತೆಗೆದು, ದಿನಾ ನೀರು ಬದಲಿಸಬೇಕು. ಮುಳುಗಿದ ಎಲೆ ಕೊಳೆತರೆ ಬ್ಯಾಕ್ಟೀರಿಯಾ ಹೆಚ್ಚಿ, ನೀರೇರುವ ನಾಳಗಳೇ ಕಟ್ಟಿಕೊಳ್ಳುತ್ತವೆ.

ಇಷ್ಟು ಮಾಡಿಯೂ ಮೇ ತಿಂಗಳಲ್ಲಿ ಹೂ ಬೇಗ ಬಾಡುವುದೇಕೆ? ಬಿಸಿಲು ಎನ್ನುತ್ತದೆ ಪೂರ್ವಪಕ್ಷ. ಅದೂ ನಿಜವೇ. ಆದರೆ ಸಿದ್ಧಾಂತಿಯಾದವನು ಮಂಚದ ಕೆಳಗೆ ಬಗ್ಗಿ ನೋಡುತ್ತಾನೆ. ಅಲ್ಲಿ ಹುಲ್ಲಿನ ಮೇಲೆ ರಸಪುರಿ, ಬಾದಾಮಿಗಳು ಮಲಗಿವೆ. ಹಣ್ಣಾಗುತ್ತಿರುವ ಮಾವು ಎಥಿಲೀನ್ ಅನಿಲ ಬಿಡುತ್ತದೆ. ಕಾಯಿಯನ್ನು ಹಣ್ಣು ಮಾಡುವ ಅದೇ ಅನಿಲ ಎಷ್ಟೋ ಜಾತಿಯ ಹೂಗಳಿಗೆ ಅಕಾಲ ಮುಪ್ಪು ತರುತ್ತದೆ. ಪರಿಹಾರ ಎರಡು: ಹೂವನ್ನು ಬೇರೆ ಕೋಣೆಗೆ ಒಯ್ಯುವುದು, ಇಲ್ಲವೇ ಮಾವನ್ನು ತಿಂದು ಮುಗಿಸುವುದು. ಪ್ರಸ್ತುತ ಪ್ರಬಂಧಕಾರ ಎರಡನೆಯ ಪಕ್ಷದವನು. ಅದಕ್ಕೆ ಬೇಕಾದ ಪ್ರಮಾಣಗಳನ್ನು ಪ್ರತಿ ಊಟದ ನಂತರವೂ ಹೊಸದಾಗಿ ಪರಿಶೀಲಿಸುತ್ತಿದ್ದಾನೆ.

ಪರಿಶಿಷ್ಟ: ಹೂವೇ ಸಿಗದ ದಿನ ಬೇರುಸಹಿತ ಕೊತ್ತಂಬರಿ ಕಟ್ಟನ್ನು ಲೋಟದ ನೀರಿನಲ್ಲಿ ನಿಲ್ಲಿಸಬಹುದು. ನೆಂಟರು ಮೆಚ್ಚಿ ಹೆಸರು ಕೇಳಿದರೆ ಸುಮ್ಮನೆ ನಗಬೇಕು. ಸಾರು ಕುದಿ ಬಂದಾಗ ಅಲಂಕಾರದಿಂದ ನಾಲ್ಕು ಕಡ್ಡಿ ಚಿವುಟಿಕೊಳ್ಳಲು ಶಾಸ್ತ್ರದ ಅಡ್ಡಿಯಿಲ್ಲ. ನೆಂಟರು ಕೈತೊಳೆಯಲು ಎದ್ದಿರಬೇಕು, ಅಷ್ಟೆ.